ಶಾಸನ, ವಚನ, ಹಸ್ತಪ್ರತಿಗಳ ಉಲ್ಲೇಖಕ್ರಮ: ಕೆಲವು ಸಮಸ್ಯೆಗಳು

ಸಂಶೋಧನ ಲೇಖನದ ಅಡಿಟಿಪ್ಪಣಿಗಳನ್ನೂ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನೂ ಕೇವಲ ಬಾಹ್ಯಶಿಸ್ತಿನ ಸಂಗತಿಯೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಮಹಾಪ್ರಬಂಧವನ್ನು ಸಲ್ಲಿಸುವ ಮುನ್ನ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ವಿಧಿಸಿದ ಮೇಲೆ ಕನ್ನಡ ವಿಭಾಗಗಳಲ್ಲೂ ಉಲ್ಲೇಖಕ್ರಮದ ಚರ್ಚೆ ಹೆಚ್ಚಿತು. 2022ರ ನಿಯಮಗಳಲ್ಲಿ ಆ ಕಡ್ಡಾಯವು ಇಲ್ಲವಾದರೂ ಚರ್ಚೆ ನಿಂತಿಲ್ಲ. ಆದರೆ ಅದು ಬಹುಪಾಲು ಅಲ್ಪವಿರಾಮ ಎಲ್ಲಿ ಬರಬೇಕು, ಪ್ರಕಟಣೆಯ ವರ್ಷ ಆವರಣದಲ್ಲಿರಬೇಕೆ ಎಂಬುದರ ಸುತ್ತಲೇ ಸುಳಿಯುತ್ತದೆ. ಲೇಖಕ ಕಂಡ ಅದೇ ಸಾಲನ್ನು ಓದುಗನೂ ಕಾಣಬಲ್ಲನೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಎಂ.ಎಲ್.ಎ. ಪದ್ಧತಿಯಾಗಲಿ (ಇಲ್ಲಿ ಶಾಸಕರ ಮಾತಿಲ್ಲ, ಅಮೆರಿಕೆಯ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನದು) ಷಿಕಾಗೊ ಪದ್ಧತಿಯಾಗಲಿ ಮುದ್ರಿತ ಪುಸ್ತಕವನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ನಮ್ಮ ಆಕರಗಳ ಸ್ವರೂಪ ಬೇರೆ.

ಶಾಸನಗಳನ್ನೇ ಮೊದಲು ನೋಡಬಹುದು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟ ಶ್ರವಣಬೆಳಗೊಳಕ್ಕೆ ಸಂಬಂಧಿಸಿದ್ದು. 1889ರ ಆವೃತ್ತಿಯಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573ಕ್ಕೆ ಏರಿದವು. ಸಂಖ್ಯೆ ಬೆಳೆದುದಷ್ಟೇ ಅಲ್ಲ, ಕ್ರಮಾಂಕಗಳೂ ಬದಲಾದವು. ಮಲ್ಲಿಷೇಣಪ್ರಶಸ್ತಿ ಎಂದು ಪ್ರಸಿದ್ಧವಾದ ಶಾಸನ ರೈಸ್ ಅವರಲ್ಲಿ 54ನೆಯದು, ನರಸಿಂಹಾಚಾರ್ ಅವರಲ್ಲಿ 67ನೆಯದು. ಈ ಕಾರಣದಿಂದಲೇ ಹಳೆಯ ವಿದ್ವಾಂಸರು ‘67 (54)’ ಎಂದು ಎರಡನ್ನೂ ಕೊಡುತ್ತಿದ್ದರು. ಆವೃತ್ತಿಯನ್ನು ಹೇಳದೆ ‘ಎ.ಕ. 2, ಶ್ರ.ಬೆ. 67’ ಎಂದಷ್ಟೇ ಬರೆದರೆ ಓದುಗ ಮೂರು ಬೇರೆ ಸಂಪುಟಗಳನ್ನು ತೆರೆಯಬೇಕಾಗುತ್ತದೆ. ಒಬ್ಬರು 54 ಎಂದೂ ಇನ್ನೊಬ್ಬರು 67 ಎಂದೂ ಉಲ್ಲೇಖಿಸಿದ್ದನ್ನು ಮೂರನೆಯವರು ಎರಡು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸುವ ಅಪಾಯವೂ ಉಂಟು. ಒಂದೇ ಕಲ್ಲು ಎರಡಾಗುವುದು ಹೀಗೆ.

ಇದೇ ಶಾಸನ ಕಾಲನಿರ್ದೇಶದ ತೊಡಕಿಗೂ ಉದಾಹರಣೆಯಾಗಿದೆ. ಅದರ ತೇದಿ ಶಕ 1050ರ ಫಾಲ್ಗುಣ ಮಾಸದ್ದು. ಶಕವರ್ಷಕ್ಕೆ 78 ಕೂಡಿಸುವ ರೂಢಿಯಂತೆ ಕ್ರಿ.ಶ. 1128 ಎಂದಾಗುತ್ತದೆ. ಆದರೆ ಫಾಲ್ಗುಣವು ಶಕವರ್ಷದ ಕಡೆಯ ತಿಂಗಳಾದುದರಿಂದ ಇಲ್ಲಿ ಅದು 1129ರ ಮಾರ್ಚಿಗೆ ಬೀಳುತ್ತದೆ. ಆದ್ದರಿಂದ ಶಾಸನೋಕ್ತ ಶಕವರ್ಷ, ಸಂವತ್ಸರ, ಮಾಸಗಳನ್ನು ಮೊದಲು ಕೊಟ್ಟು ಆಮೇಲೆ ಕ್ರಿಸ್ತವರ್ಷವನ್ನು ಕೊಡುವುದು ಯುಕ್ತ.

ಸಂಪುಟಗಳ ಅಂಕಿಗಳೂ ಸ್ಥಿರವಲ್ಲ. ರೈಸ್ ಅವರ ಐದನೆಯ ಸಂಪುಟ ಹಾಸನ ಜಿಲ್ಲೆಯದಾದರೆ, ಪರಿಷ್ಕೃತ ಮಾಲೆಯ ಐದನೆಯದರಲ್ಲಿ ಮೈಸೂರು ಜಿಲ್ಲೆಯ ತಾಲ್ಲೂಕುಗಳ ಶಾಸನಗಳಿವೆ. ಪುಟಸಂಖ್ಯೆಯೂ ಇಲ್ಲಿ ನೆರವಾಗದು. ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳಿಗೆ ಬೇರೆ ಬೇರೆ ಪುಟಾಂಕಗಳಿವೆ. ಹೀಗಾಗಿ ಸಂಪುಟ, ಆವೃತ್ತಿಯ ವರ್ಷ, ತಾಲ್ಲೂಕಿನ ಸಂಕ್ಷೇಪ, ಶಾಸನದ ಕ್ರಮಾಂಕ, ಅಗತ್ಯವಿದ್ದಲ್ಲಿ ಸಾಲು ಇಷ್ಟನ್ನು ಯಾವ ಪದ್ಧತಿಯೂ ಕತ್ತರಿಸಬಾರದು.

ಸ್ಥಳನಾಮದ ಸಮಸ್ಯೆಗೆ ಬೆಂಗಳೂರಿನ ದಕ್ಷಿಣ ಭಾಗಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ರೈಸ್ ಅವರ ಒಂಬತ್ತನೆಯ ಸಂಪುಟದ ಬೆಂಗಳೂರು ಜಿಲ್ಲೆಯಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರಗಳೂ ಸೇರಿದ್ದವು. 1986ರಲ್ಲಿ ಆ ಜಿಲ್ಲೆ ನಗರ, ಗ್ರಾಮಾಂತರ ಎಂದು ವಿಭಾಗವಾಯಿತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಟ್ಟರು. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕಾದರೋ ನಗರ ಜಿಲ್ಲೆಯಲ್ಲಿದೆ. ಇನ್ನು ಮುಂದೆ ಅಡಿಟಿಪ್ಪಣಿಯಲ್ಲಿ ‘ಬೆಂಗಳೂರು ದಕ್ಷಿಣ’ ಎಂದಷ್ಟೇ ಬರೆದರೆ ಬೇಗೂರಿನ ಶಾಸನವೋ ಕನಕಪುರದ್ದೋ ತಿಳಿಯುವಂತಿಲ್ಲ. ಸಂಪುಟದಲ್ಲಿರುವ ಹಳೆಯ ತಾಲ್ಲೂಕಿನ ಹೆಸರನ್ನು ಉಳಿಸಿಕೊಂಡು, ಇಂದಿನ ಆಡಳಿತ ವಿಭಾಗವನ್ನು ಜೊತೆಗೆ ಸೂಚಿಸುವುದು ಉತ್ತಮ. ದೊರೆತ ಸ್ಥಳ ಮತ್ತು ಈಗಿರುವ ಸ್ಥಳ ಬೇರೆಯಾದಲ್ಲಿ ಅದನ್ನೂ ಹೇಳಬೇಕು. ಯುದ್ಧದೃಶ್ಯವನ್ನು ವಿಸ್ತಾರವಾಗಿ ಕೆತ್ತಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡ ಮಡಿವಾಳದ ಸೋಮೇಶ್ವರ ದೇವಾಲಯದ ಶಾಸನಗಳು ತಮಿಳಿನವು. ಅಂಥಲ್ಲಿ ಮೂಲದ ಭಾಷೆ, ಲಿಪಿಗಳನ್ನು ನಮೂದಿಸದಿದ್ದರೆ, ಉದ್ಧರಿಸಿದ್ದು ಮೂಲಪಾಠವೋ ಅನುವಾದವೋ ಎಂಬುದು ಅಸ್ಪಷ್ಟವಾಗುತ್ತದೆ.

ಸಾಹಿತ್ಯಕೃತಿಗಳಲ್ಲಿ ಚಂಪೂಕಾವ್ಯಗಳ ಸ್ಥಿತಿ ಸುಲಭ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ ಮತ್ತು ಪದ್ಯ ಕೊಟ್ಟರೆ ಯಾವ ಮುದ್ರಣದಲ್ಲಾದರೂ ಬಹುಮಟ್ಟಿಗೆ ದೊರೆಯುತ್ತದೆ. ಪಾಠಭೇದ ಮುಖ್ಯವಾದಾಗ ಸಂಪಾದಕರ ಹೆಸರು ಅನಿವಾರ್ಯ. ವಡ್ಡಾರಾಧನೆ ಗದ್ಯವಾದುದರಿಂದ ಕಥೆಯ ಹೆಸರು, ಆವೃತ್ತಿ, ಪುಟ ಮೂರೂ ಬೇಕು. ವಚನಗಳಲ್ಲಿ ಮಾತ್ರ ಗೊಂದಲ ವಿಪರೀತ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದಲ್ಲಿ (1923) ವಚನಗಳ ಜೋಡಣೆ ಒಂದು ಬಗೆ, ಶಿ.ಶಿ. ಬಸವನಾಳರ ಆವೃತ್ತಿಯಲ್ಲಿ ಇನ್ನೊಂದು, ಸರ್ಕಾರ ಹೊರತಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಮತ್ತೊಂದು. ‘ಬಸವಣ್ಣ, ವ. 125’ ಎಂಬ ಟಿಪ್ಪಣಿ ಏನನ್ನೂ ಹೇಳುವುದಿಲ್ಲ. ಆವೃತ್ತಿಯ ಹೆಸರಿನೊಡನೆ ವಚನದ ಮೊದಲ ಸಾಲನ್ನು ಕೊಡುವುದೇ ಭದ್ರವಾದ ಮಾರ್ಗವೆಂದು ನನ್ನ ಅಭಿಪ್ರಾಯ. ನರಸಿಂಹರಾಜ ಕಾಲೋನಿಯ ಬಿ.ಎಂ.ಶ್ರೀ. ಪ್ರತಿಷ್ಠಾನದಂತಹ ಭಂಡಾರಗಳ ಓಲೆಪ್ರತಿಗಳಿಗೆ ಭಂಡಾರದ ಹೆಸರು, ಹಸ್ತಪ್ರತಿಯ ಸಂಖ್ಯೆ, ಗರಿಯ ಸಂಖ್ಯೆ ಹಾಗೂ ಗರಿಯ ಯಾವ ಬದಿ ಎಂಬುದು ಬೇಕಾಗುತ್ತದೆ.

ಲೇಖಕರ ಹೆಸರುಗಳ ವಿಚಾರದಲ್ಲಿ ಪಾಶ್ಚಾತ್ಯ ಕ್ರಮದ ಅಂಧಾನುಕರಣೆ ಹೆಚ್ಚಿನ ಹಾನಿ ಮಾಡಿದೆ. ಎಂ.ಎಂ. ಕಲಬುರ್ಗಿ, ದ.ರಾ. ಬೇಂದ್ರೆ ಇವರ ಹೆಸರಿನ ಕೊನೆಯ ಪದ ಮನೆತನದ್ದು. ತೀ.ನಂ. ಶ್ರೀಕಂಠಯ್ಯನವರಲ್ಲಿ ಹಾಗಿಲ್ಲ, ತೀರ್ಥಪುರ ಊರು, ನಂಜುಂಡಯ್ಯ ತಂದೆ, ಶ್ರೀಕಂಠಯ್ಯ ಅವರದೇ ಹೆಸರು. ಇವೆರಡನ್ನೂ ‘ಕೊನೆಯ ಹೆಸರು ಮೊದಲು’ ಎಂಬ ಒಂದೇ ಸೂತ್ರಕ್ಕೆ ಕಟ್ಟಿದರೂ ಪಟ್ಟಿಯಲ್ಲಿ ಅಷ್ಟಾಗಿ ತೊಂದರೆಯಾಗದು. ತೊಂದರೆಯಾಗುವುದು ಇನಿಷಿಯಲ್ ಕಳಚಿದಾಗ. ಬರಹದ ನಡುವೆ ಆವರಣದಲ್ಲಿ ‘ನರಸಿಂಹಾಚಾರ್’ ಎಂದಷ್ಟೇ ಬಂದರೆ ಅದು ಕವಿಚರಿತೆಯ ಆರ್. ನರಸಿಂಹಾಚಾರ್ ಅವರೋ ಗ್ರಂಥಸಂಪಾದನೆಯ ಡಿ.ಎಲ್. ನರಸಿಂಹಾಚಾರ್ ಅವರೋ? ನಮ್ಮಲ್ಲಿ ಇನಿಷಿಯಲ್ ಅಲಂಕಾರವಲ್ಲ, ಗುರುತು. ಕಾವ್ಯನಾಮವಿದ್ದಲ್ಲಿ ಪುಸ್ತಕದ ಮೇಲಿರುವ ಹೆಸರನ್ನೇ ಬಳಸಬೇಕು. ‘ಕುವೆಂಪು’ ಎಂದು ಅಚ್ಚಾದುದನ್ನು ‘ಪುಟ್ಟಪ್ಪ, ಕೆ.ವಿ.’ ಎಂದು ತಿದ್ದುವ ಅಗತ್ಯವಿಲ್ಲ.

ಸಂಕ್ಷೇಪಾಕ್ಷರಗಳಲ್ಲಿ ‘ಸಂ.’ ಎಂಬುದನ್ನು ಕೈಬಿಡುವುದೇ ಲೇಸು. ಅದು ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ನಾಲ್ಕಕ್ಕೂ ಸಲ್ಲುತ್ತಿದ್ದು, ನಿಯತಕಾಲಿಕೆಗಳ ಉಲ್ಲೇಖದಲ್ಲಿ ‘ಸಂ. 4, ಸಂ. 2’ ಎಂಬ ವಿಚಿತ್ರ ರೂಪ ತಾಳುತ್ತದೆ. ಸಂಪಾ., ಸಂಪು., ಸಂಚಿ. ಎಂದು ಬಿಡಿಸಿದರೆ ಆಗುವ ಖರ್ಚು ಒಂದೆರಡು ಅಕ್ಷರ. ‘ಅದೇ’, ‘ಪೂರ್ವೋಕ್ತ’ ಎಂಬ ಟಿಪ್ಪಣಿಗಳು ಕೈಬರಹದ ಕಾಲಕ್ಕೆ ಹೊಂದಿದ್ದವು. ಗಣಕದಲ್ಲಿ ಒಂದು ಕಂಡಿಕೆಯನ್ನು ಮೇಲೆ ಕೆಳಗೆ ಸರಿಸಿದೊಡನೆ ‘ಅದೇ’ ಬೇರೊಂದು ಗ್ರಂಥವನ್ನು ತೋರಿಸತೊಡಗುತ್ತದೆ. ಲೇಖಕ, ಕೃತಿಯ ಹ್ರಸ್ವನಾಮ, ಪುಟ ಎಂದು ಪುನರುಕ್ತಿ ಮಾಡುವುದೇ ಮೇಲು.

ಅಕ್ಷರಜೋಡಣೆಯ ಕುರಿತು ಒಂದು ಮಾತು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಲಿಪಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು ಗಣಕದೊಳಗೆ ರೋಮನ್ ಸಂಕೇತಗಳಾಗಿಯೇ ಉಳಿದಿರುತ್ತದೆ. ಆದ್ದರಿಂದ ಗ್ರಂಥಪಟ್ಟಿಯನ್ನು ಗಣಕಕ್ಕೆ ಒಪ್ಪಿಸಿ ಅಕಾರಾದಿಯಾಗಿ ಜೋಡಿಸಿದರೆ ಕನ್ನಡ ವರ್ಣಮಾಲೆಯ ಕ್ರಮ ಬರುವುದಿಲ್ಲ. 2018ರ ಕೃತಿಚೌರ್ಯ ನಿಯಮಾವಳಿಯಂತೆ ಆಕರ ಸೂಚಿಸಿದ ಉದ್ಧರಣೆಗಳೂ ಗ್ರಂಥಪಟ್ಟಿಯೂ ಸಾಮ್ಯದ ಎಣಿಕೆಗೆ ಸೇರುವುದಿಲ್ಲ. ಆದರೆ ಇಂಥ ಲಿಪಿಯ ಪಠ್ಯವನ್ನು ಯೂನಿಕೋಡ್ ಪಠ್ಯದೊಡನೆ ಯಂತ್ರ ಹೋಲಿಸಲಾರದು. ಯೂನಿಕೋಡಿಗೆ ಪರಿವರ್ತಿಸಿದ ಬಳಿಕ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು, ವಿಶೇಷವಾಗಿ ಶಾಸನಸಂಖ್ಯೆಗಳನ್ನು, ಅಚ್ಚಾದ ಸಂಪುಟವನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದ ಮೇಲೆಯೇ ಲೇಖನವನ್ನು ಸಂಪಾದಕರಿಗೆ ಕಳುಹಿಸತಕ್ಕದ್ದು.