ಬಿಳಿ ಕಣಗಳ ಒಳಗುಟ್ಟು

ಇಟ್ಟಂಗಿಹಾಳದ ರೈತರೊಬ್ಬರು ಜ್ವರ, ಸುಸ್ತು ಎಂದು ವಿಜಯಪುರಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಿದರು ಎನ್ನೋಣ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ಕಣಗಳು ಸುಮಾರು 4 ಸಾವಿರದಿಂದ 11 ಸಾವಿರ. ಇವರ ಚೀಟಿಯಲ್ಲಿ 60 ಸಾವಿರ! ಇದು ರಕ್ತದ ಕ್ಯಾನ್ಸರೇ? ಅಥವಾ ಮೈಯೊಳಗೆಲ್ಲೋ ಸೇರಿದ ಸೋಂಕಿನ ಮೇಲೆ ಹೊರಟ ದಂಡೇ? ಬರಿಯ ಎಣಿಕೆ ಇದನ್ನು ಹೇಳಲಾರದು. ಕಣದೊಳಗಿನ ಕಿಣ್ವಗಳನ್ನು ವಿಚಾರಿಸಬೇಕು.

ಕಿಣ್ವಗಳು ಜೀವಕೋಶದ ಕೆಲಸಗಾರರು. ಜೋಳದ ರೊಟ್ಟಿ ಅಗಿದಷ್ಟೂ ಸಿಹಿಯಾಗುವುದು ಜೊಲ್ಲಿನ ಕಿಣ್ವದಿಂದ. ಬಿಳಿ ಕಣಗಳಲ್ಲಿ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವಿದೆ. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಕಟ್ಟಿಸಿ, ನೂರು ಕಣಗಳಿಗೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಸೋಂಕಿದ್ದರೆ ಒಟ್ಟು ಅಂಕ ಏರುತ್ತದೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಸಾಮಾನ್ಯವಾಗಿ ಸೊನ್ನೆಯತ್ತ ಇಳಿಯುತ್ತದೆ. ಕಣಗಳು ಲೆಕ್ಕಕ್ಕುಂಟು, ಈ ಕಿಣ್ವ ಮಾತ್ರ ತೀರ ಕಡಿಮೆ! ಈಗ ಈ ಕಾಯಿಲೆಯನ್ನು ಖಚಿತಪಡಿಸುವುದು ವಂಶವಾಹಿ ಪರೀಕ್ಷೆ.

ಇಂಥ ವ್ಯತ್ಯಾಸವೇ ಮದ್ದೂ ಆದದ್ದು ಸೋಜಿಗ. ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಎಲ್ಲ ಕಣಗಳಿಗೂ ಬೇಕು. ಸಹಜ ಕಣಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕಣಗಳಲ್ಲಿ ಅದನ್ನು ತಯಾರಿಸುವ ಕಿಣ್ವ ತೀರ ಕಡಿಮೆ. ರಕ್ತದಲ್ಲಿ ಸಿಕ್ಕಿದ್ದನ್ನೇ ನಂಬಿ ಅವು ಬದುಕುತ್ತವೆ. ಮನೆಯಲ್ಲೇ ರೊಟ್ಟಿ ಬಡಿದುಕೊಳ್ಳುವವನಿಗೆ ಖಾನಾವಳಿ ಮುಚ್ಚಿದರೇನು? ಖಾನಾವಳಿಯನ್ನೇ ನೆಚ್ಚಿದವನಿಗೆ ಉಪವಾಸ.

1953ರಲ್ಲಿ ಅಮೆರಿಕದ ಜಾನ್ ಕಿಡ್, ಗಿನಿಯಿಲಿಯ ರಕ್ತಸಾರ ಚುಚ್ಚಿದಾಗ ಇಲಿಗಳ ಕೆಲವು ಗಡ್ಡೆಗಳು ಕರಗುವುದನ್ನು ಕಂಡರು. ಆ ಸಾರದಲ್ಲಿದ್ದ ಆಸ್ಪರಾಜಿನೇಸ್ ಎಂಬ ಕಿಣ್ವವೇ ಇದಕ್ಕೆ ಕಾರಣವೆಂದು 1960ರ ದಶಕದ ಆರಂಭದಲ್ಲಿ ಜಾನ್ ಬ್ರೂಮ್ ತೋರಿಸಿದರು. ಅದು ರಕ್ತದಲ್ಲಿನ ಆಸ್ಪರಾಜಿನ್ ಅನ್ನು ಒಡೆದುಹಾಕುತ್ತದೆ, ಖಾನಾವಳಿ ಮುಚ್ಚಿದಂತಾಯಿತು! ಇಂದು ಬ್ಯಾಕ್ಟೀರಿಯಾದಿಂದ ತೆಗೆದ ಈ ಕಿಣ್ವವನ್ನು ಇತರ ಔಷಧಿಗಳೊಡನೆ ಮಕ್ಕಳಿಗೆ ಕೊಡುತ್ತಾರೆ. ಅಲರ್ಜಿ, ಮೇದೋಜೀರಕ ಗ್ರಂಥಿಯ ಉರಿಯೂತದಂಥ ಅಡ್ಡಪರಿಣಾಮಗಳುಂಟು. ಆದ್ದರಿಂದ ವೈದ್ಯರ ಕಣ್ಗಾವಲು ಬೇಕೇ ಬೇಕು.

ಒಂದು ಕಾಲಕ್ಕೆ ಈ ಕಾಯಿಲೆ ಬಂದ ಮಗು ಕೆಲವೇ ತಿಂಗಳುಗಳಲ್ಲಿ ಕೈಬಿಟ್ಟು ಹೋಗುತ್ತಿತ್ತು. ಇಂದು ಸಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ವಿಜಯಪುರದಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೆ ಆ ದಾರಿ ಶುರುವಾಗುವುದು ಊರಿನ ಹತ್ತಿರದ ಒಂದು ಹನಿ ರಕ್ತದಿಂದ. ಚೀಟಿಯ ಅಂಕಿ ಕಂಡು ಎದೆ ಒಡೆದುಕೊಳ್ಳಬೇಕಿಲ್ಲ. ಮಡಚಿ ಜೇಬಿಗಿಟ್ಟು ಮರೆಯಲೂ ಬಾರದು.