ಪ್ರಿಂಟರ್ ಬಾಯಲ್ಲಿ ಕುರುಗೋಡಿನ ಬಿಸಿಲು

ಕುರುಗೋಡಿನಲ್ಲಿ ಒಂದು ಮಧ್ಯಾಹ್ನ 162 ಡಿಗ್ರಿ ಬಿಸಿಲು ಬಿದ್ದಿತ್ತು. ಹಾಗಂತ ನಮ್ಮನೆಯ ಹಳೇ ಕಂಪ್ಯೂಟರ್ ಹೇಳಿತು. ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು "ಹೌದಪ್ಪಾ, ಅಷ್ಟಿರಬೇಕು ನೋಡು" ಎಂದರು. ಬರಿಗಾಲಲ್ಲಿ ಇಲ್ಲಿನ ಬಂಡೆ ತುಳಿದವರು ಅದನ್ನು ನಂಬಿಯೂ ಬಿಡುತ್ತಾರೆ. ತಪ್ಪು ಮಾತ್ರ ಬಿಸಿಲಿನದಲ್ಲ, ಒಂದು ತಂತಿಯದು.

ಹಳೆಯ ಕಂಪ್ಯೂಟರುಗಳ ಬೆನ್ನಲ್ಲಿ ಎರಡು ಸಾಲಿನ, 25 ತೂತುಗಳ ಅಗಲ ಬಾಯೊಂದಿರುತ್ತಿತ್ತು. ಹೆಸರು ಪ್ಯಾರಲಲ್ ಪೋರ್ಟ್. ಎಲ್ಲರೂ ಕರೆಯುತ್ತಿದ್ದದ್ದು ಪ್ರಿಂಟರ್ ಪೋರ್ಟ್ ಎಂದೇ. ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಅಕ್ಷರದ ತಂತ್ರಾಂಶಕ್ಕೆ ಹಾಕುತ್ತಿದ್ದ ಡಾಂಗಲ್ ಬೀಗವೂ ಇದೇ ಬಾಯಿಗೆ ಕಚ್ಚಿಕೊಂಡಿರುತ್ತಿತ್ತು. ಸೆಂಟ್ರಾನಿಕ್ಸ್ ಕಂಪನಿ 1970ರ ಸುಮಾರಿಗೆ ತನ್ನ ಪ್ರಿಂಟರಿಗೆ ಮಾಡಿಕೊಂಡ ಏರ್ಪಾಡು 1981ರ ಐಬಿಎಂ ಪಿಸಿಯ ಜೊತೆ ಲೋಕವೆಲ್ಲ ಸುತ್ತಿತು. 25ರಲ್ಲಿ ಎಂಟು ತಂತಿ ಅಕ್ಷರ ಹೊರಗೆ ಕಳಿಸಲು, ನಾಲ್ಕು ಅಪ್ಪಣೆ ಕೊಡಲು, ಎಂಟು ನೆಲಕ್ಕೆ. ಉಳಿದ ಐದು ಪ್ರಿಂಟರಿನ ದೂರು ಕೇಳಲು: 'ಕಾಗದ ಮುಗಿದಿದೆ', 'ಪುರುಸೊತ್ತಿಲ್ಲ' ಇತ್ಯಾದಿ.

ನಾವೇ ಮಾಡಿಕೊಂಡ, ಉಷ್ಣತೆ ದಾಖಲಿಸುವ ಪೆಟ್ಟಿಗೆಯನ್ನು ಈ ದೂರಿನ ತಂತಿಗಳಿಗೇ ಕಟ್ಟಿದೆವು. ಎಲ್‌ಎಂ35 ಎಂಬ ಮೂರು ಕಾಲಿನ ಬಿಡಿಭಾಗ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 42 ಡಿಗ್ರಿಗೆ 420. ಅದನ್ನು ಅಂಕಿಯಾಗಿಸುವುದು ಎಡಿಸಿ0804 ಚಿಪ್ಪು. ಅದಕ್ಕೆ ಗೊತ್ತಿರುವುದು 256 ಮೆಟ್ಟಿಲು ಮಾತ್ರ. ಐದು ವೋಲ್ಟನ್ನು ಅಷ್ಟಕ್ಕೆ ಹಂಚಿದರೆ ಒಂದು ಮೆಟ್ಟಿಲು ಸುಮಾರು ಎರಡು ಡಿಗ್ರಿಯಾಗುತ್ತದೆ, ತೀರಾ ಒರಟು. ಚಿಪ್ಪಿನ ಒಂಬತ್ತನೇ ಕಾಲಿಗೆ 1.28 ವೋಲ್ಟ್ (ಪೂರ್ಣ ಅಳತೆಯ ಅರ್ಧ) ಹಿಡಿದುಕೊಟ್ಟರೆ ಮೆಟ್ಟಿಲು ಸರಿಯಾಗಿ 10 ಮಿಲಿವೋಲ್ಟಿಗೆ ಇಳಿಯುತ್ತದೆ. ಮೆಟ್ಟಿಲಿಗೊಂದು ಡಿಗ್ರಿ, ಲೆಕ್ಕವೇ ಬೇಡ.

256 ಮೆಟ್ಟಿಲಿನ ಅಂಕಿಗೆ ಬೇಕಾದ ಎಂಟು ಬಿಟ್ಟುಗಳು (ಸೊನ್ನೆ-ಒಂದುಗಳು) ಈಗ ಒಳಬರಬೇಕು, ಬಾಗಿಲು ಐದೇ. ಹಾಗಾಗಿ 74157 ಚಿಪ್ಪನ್ನು ನಡುವೆ ನಿಲ್ಲಿಸಿ ನಾಲ್ಕು ನಾಲ್ಕಾಗಿ ಎರಡು ಸಲ ತರಿಸಿಕೊಳ್ಳಬೇಕು. 42 ಎಂದರೆ 0010 1010. ಕ್ಯೂಬೇಸಿಕ್‌ನಲ್ಲಿ ಆ ದೂರಿನ ತಂತಿಗಳ 889ನೇ ವಿಳಾಸ ಓದಿದರೆ ಮುಗಿಯಿತು ಅಂದುಕೊಂಡಿದ್ದೆವು. ಪರದೆ ಮೇಲೆ ಬಂದದ್ದು 1010 0010, ಅಂದರೆ 162! 'ಪುರುಸೊತ್ತಿಲ್ಲ' ಎನ್ನುವ ತಂತಿ ಹುಟ್ಟಿನಿಂದಲೇ ತಿರುಗುಮುರುಗು. ಸೊನ್ನೆ ಕೊಟ್ಟರೆ ಒಂದು, ಒಂದು ಕೊಟ್ಟರೆ ಸೊನ್ನೆ. ಎರಡೂ ಕಂತಿನ ಮೊದಲ ಬಿಟ್ಟು ಅದರಲ್ಲೇ ಬಂದು ಮಗುಚಿಕೊಂಡಿತ್ತು. ತಂತ್ರಾಂಶದಲ್ಲಿ ಮತ್ತೆ ಮಗುಚಿದ ಮೇಲೆ 42 ಬಂತು. ಹಿರಿಯರಿಗೆ ಸ್ವಲ್ಪ ನಿರಾಸೆ.

ಇದು ಬರೀ ಮನೆ ಆಟವಲ್ಲ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಗಳಿಗೆಂದು ರೂಪಿಸಿದ 'ಫೀನಿಕ್ಸ್' ಪೆಟ್ಟಿಗೆಯೂ ಮೊದಲು ಕಂಪ್ಯೂಟರಿಗೆ ಸೇರಿದ್ದು ಪ್ಯಾರಲಲ್ ಪೋರ್ಟಿನಿಂದಲೇ. ಅದರ ಮುಂದಿನ ತಲೆಮಾರುಗಳು ಕ್ರಮೇಣ ಯುಎಸ್‌ಬಿಗೆ ಹೋದವು. ಯುಎಸ್‌ಬಿ ಚುರುಕು, ಒಪ್ಪೋಣ. ಆದರೆ ಅದರ ತಂತಿಯೊಂದನ್ನು ಹಿಡಿದು 'ಏನಪ್ಪಾ ನಿನ್ನ ಸಮಾಚಾರ' ಎಂದು ಕೇಳಲಾಗದು. ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ-ಪ್ರಿಂಟರ್ ಕೇಬಲ್ ತಂದು ನಮ್ಮಂಥ ಉಷ್ಣತೆಯ ಪೆಟ್ಟಿಗೆ ಜೋಡಿಸಹೊರಟವರಿಗೂ ದುಡ್ಡು ದಂಡ: ಅದಕ್ಕೆ ಪ್ರಿಂಟರ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಇತ್ತ ನಮ್ಮ ಪೆಟ್ಟಿಗೆ ಸರಿಯಾದ ಮೇಲೆ ಎಲ್‌ಎಂ35 ಅನ್ನು ಮನೆಯ ಕಲ್ಲಿನ ಗೋಡೆಯ ಒಳಮೈಗೆ ಅಂಟಿಸಿ ನಿಮಿಷಕ್ಕೊಂದು ಅಂಕಿ ಬರೆಸಿದೆವು. ಪ್ರತಿ ಅಂಕಿ ಬರೆದ ಕೂಡಲೇ ಕಡತ ಮುಚ್ಚುವುದು ಕಡ್ಡಾಯ. ಇಲ್ಲದಿದ್ದರೆ ಕರೆಂಟ್ ಹೋದಾಗ ದಿನದ ದುಡಿಮೆಯೇ ಹೋಗುತ್ತದೆ. ಹೊರಗೆ ಹೊತ್ತು ಮುಳುಗಿ ಗಾಳಿ ತಣ್ಣಗಾದ ಮೇಲೂ ಗೋಡೆಯ ಅಂಕಿ ಏರುತ್ತಲೇ ಇತ್ತು. ಹಗಲಿಡೀ ಕುಡಿದ ಬಿಸಿ ಕಲ್ಲಿನೊಳಗೆ ನಿಧಾನಕ್ಕೆ ನಡೆದು ಆಗಷ್ಟೇ ಕೋಣೆ ತಲುಪುತ್ತಿತ್ತು. ಅದು ಎಷ್ಟು ಹೊತ್ತಿಗೆ ತುದಿ ಮುಟ್ಟಿತೋ ಕೇಳಬೇಡಿ. ಅಷ್ಟರಲ್ಲಿ ಕರೆಂಟ್ ಹೋಯಿತು.