ತೆರೆಯ ಮೇಲಿನ ಯುವಜನ: ನಾಯಕನೊಬ್ಬನೇ, ಗುಂಪೆಲ್ಲಿ?

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮೈಸೂರು–ಹಾಸನ ರೈಲು ಮಾರ್ಗದಲ್ಲಿರುವ ಹೇಮಾವತಿ ತೀರದ ಊರು. ಈ ಸೀಮೆಯ ಯುವಕರು ಕನ್ನಡ ಚಿತ್ರರಂಗಕ್ಕೆ ಕೇವಲ ಪ್ರೇಕ್ಷಕರಲ್ಲ, ಕಥಾವಸ್ತುವೂ ಹೌದು. ಆದರೆ ತೆರೆಯ ಮೇಲೆ ಅವರು ಹೇಗೆ ಕಾಣುತ್ತಾರೆಂಬುದು ಯೋಚಿಸಬೇಕಾದ ಪ್ರಶ್ನೆ.

ಇದಕ್ಕೆ ಬ್ರಿಟಿಷ್ ಸಿನಿಮಾ ಒಂದು ಹೋಲಿಕೆ ಒದಗಿಸುತ್ತದೆ. ಅಲ್ಲಿ ಯುವಕನ ಕಥೆಯೆಂದರೆ ಬಹುಮಟ್ಟಿಗೆ ಅವನ ಗುಂಪಿನ ಕಥೆ. 1979ರ 'ಕ್ವಾಡ್ರೊಫೀನಿಯಾ'ದಲ್ಲಿ ಅರವತ್ತರ ದಶಕದ 'ಮಾಡ್' ಹುಡುಗರಿಗೆ ಉಡುಪು, ಸ್ಕೂಟರ್, ಸಂಗೀತಗಳೇ ಗುರುತು. ಶೇನ್ ಮೆಡೋಸ್ ನಿರ್ದೇಶನದ 'ದಿಸ್ ಈಸ್ ಇಂಗ್ಲೆಂಡ್' (2006) ಚಿತ್ರದ ಕಾಲ 1983. ಫಾಕ್‌ಲೆಂಡ್ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕ ಶಾನ್‌ಗೆ ತಲೆ ಬೋಳಿಸಿಕೊಂಡ ಗೆಳೆಯರೇ ಆಸರೆಯಾಗುತ್ತಾರೆ. ಆದರೆ ಜೈಲಿನಿಂದ ಮರಳಿದ ಕಾಂಬೊ, ಆ ಒಗ್ಗಟ್ಟಿಗೆ ಜನಾಂಗದ್ವೇಷದ ವಿಷ ಬೆರೆಸುತ್ತಾನೆ. ನೆಲೆ ಕೊಡುವ ಗುಂಪೇ ಬೆಲೆಯನ್ನೂ ಕೇಳುತ್ತದೆ.

ಕನ್ನಡದ ಜನಪ್ರಿಯ ಚಿತ್ರಗಳ ದೃಷ್ಟಿ ಬೇರೆ. ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' (1972) ಚಿತ್ರದ ರಾಮಾಚಾರಿಗೆ ಗೆಳೆಯರಿದ್ದರೂ ಸಮಾಜದೊಡನೆ ಸೆಣಸುವವನು ಅವನೊಬ್ಬನೇ. ಪ್ರೇಮ್ ನಿರ್ದೇಶನದ 'ಜೋಗಿ' (2005) ಚಿತ್ರದ ಹಳ್ಳಿ ಹುಡುಗ ಬೆಂಗಳೂರಿಗೆ ಬಂದು ಭೂಗತ ಲೋಕದಲ್ಲಿ ಸಿಲುಕುತ್ತಾನೆ. ಕಥೆಯ ಕರುಳು ತಾಯಿ–ಮಗನ ಬಾಂಧವ್ಯ. ಇಂತಹ ಚಿತ್ರಗಳಲ್ಲಿ ಗೆಳೆಯರು ಬಹುತೇಕ ನಾಯಕನ ಹಿಂಬಾಲಕರು. 'ಕಿರಿಕ್ ಪಾರ್ಟಿ' (2016) ಎಂಜಿನಿಯರಿಂಗ್ ಹಾಸ್ಟೆಲ್‌ನ ಗೆಳೆಯರನ್ನು ಒಟ್ಟಾಗಿ ತೋರಿಸಿದರೂ ಕೊನೆಗೆ ನೋಟ ನಿಲ್ಲುವುದು ಒಬ್ಬನ ಮೇಲೆಯೇ.

ಈ ರೂಢಿಯಿಂದ ಹೊರಗೆ ನಿಂತದ್ದು ಮಂಡ್ಯದ ನೆಲದಲ್ಲೇ ರೂಪುಗೊಂಡ 'ತಿಥಿ'. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡ ಅವರ ಬರಹದ ನೆರವಿದ್ದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು. ನಟನೆಯೇ ವೃತ್ತಿಯಲ್ಲದ ಹಳ್ಳಿಯ ಜನರೇ ಪಾತ್ರಧಾರಿಗಳು. ಶತಾಯುಷಿ ಸೆಂಚುರಿ ಗೌಡನ ಮರಿಮಗ ಅಭಿ ಇಲ್ಲಿ ಯುವಪ್ರತಿನಿಧಿ. ಅವನು ವೀರನೂ ಅಲ್ಲ, ಖಳನೂ ಅಲ್ಲ. ಗೆಳೆಯರೊಡನೆ ಅಲೆದಾಡುತ್ತ, ಕುರಿಗಾಹಿ ಹುಡುಗಿಯ ಬೆನ್ನು ಬೀಳುವ ಸಾಮಾನ್ಯ ಹುಡುಗ. ನಾಲ್ಕು ತಲೆಮಾರು, ಜಮೀನು, ಹನ್ನೊಂದನೆಯ ದಿನದ ಊಟ ಎಲ್ಲವೂ ಸೇರಿ ಅವನ ಗುರುತನ್ನು ರೂಪಿಸುತ್ತವೆ.

ಇಂಗ್ಲೆಂಡಿನ ಹುಡುಗ ಗುಂಪನ್ನು ಹುಡುಕಿಕೊಂಡು ಹೋಗುತ್ತಾನೆ. ಇಲ್ಲಿನವನು ಹುಟ್ಟುವಾಗಲೇ ಒಂದು ಸಮೂಹದೊಳಗಿರುತ್ತಾನೆ. ಈ ಸಮೂಹವನ್ನು ಮರೆಮಾಡಿ ಮಚ್ಚು ಹಿಡಿದ ಒಂಟಿ ವೀರನನ್ನೇ ಮೆರೆಸುವ ತೆರೆ, ಹಳ್ಳಿಯ ಯುವಕನಿಗೆ ಅವನದೇ ಮುಖವನ್ನು ತೋರಿಸದೆ ಹೋಗುತ್ತದೆ.